ಬಡಗಿಯ ಮಗ ಜಾನ್ ಹ್ಯಾರಿಸನ್

ಒಂದು ಕಾಲದಲ್ಲಿ ನಮ್ಮ ಹಿರಿಯರಲ್ಲಿ ಅನೇಕರು ಮಂಗಳೂರಿನಿಂದ ಹಡಗು ಹತ್ತಿ, ಹೊಟ್ಟೆಪಾಡನ್ನರಸಿ ಈ ಮುಂಬಯಿಗೆ ಬಂದವರು. ಅವರ ಹಡಗು ಕರಾವಳಿಯನ್ನು ಅನುಸರಿಸಿ ಬರುತ್ತಿದ್ದುದರಿಂದ ದಡದ ಗುಡ್ಡಗಳೂ ದೀಪಸ್ತಂಭಗಳೂ ದಾರಿಯ ಗುರುತುಗಳಾಗಿದ್ದವು. ಆದರೆ ನೀರಲ್ಲದೆ ಬೇರೇನೂ ಕಾಣದ ನಡುಗಡಲಿನಲ್ಲಿ ನಾವಿಕನು ತಾನೆಲ್ಲಿರುವೆನೆಂದು ತಿಳಿಯುವುದೆಂತು? ಈ ಪ್ರಶ್ನೆಗೆ ಗಡಿಯಾರದಿಂದ ಉತ್ತರವಿತ್ತ ಮಹನೀಯನೇ ಜಾನ್ ಹ್ಯಾರಿಸನ್.

ಹ್ಯಾರಿಸನನು 1693ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದನು. ಉನ್ನತ ವಿದ್ಯಾಭ್ಯಾಸದ ಭಾಗ್ಯ ಆತನಿಗಿರಲಿಲ್ಲ. ಪಾದ್ರಿಯೊಬ್ಬರು ಓದಲು ಕೊಟ್ಟ ವಿಜ್ಞಾನೋಪನ್ಯಾಸಗಳ ಪ್ರತಿಯನ್ನು ಅಕ್ಷರಶಃ ನಕಲು ಮಾಡಿಕೊಂಡು ಕಲಿತನು. 1713ರಲ್ಲಿ ಆತನು ಕಟ್ಟಿದ ಮೊದಲ ಗಡಿಯಾರದ ಚಕ್ರಗಳು ಮರದವು. ಬಡಗಿಯ ಕೈಗೆ ಒಗ್ಗಿದ್ದು ಮರವೇ ತಾನೆ!

ಇದಕ್ಕೆ ಆರು ವರ್ಷ ಮೊದಲು, 1707ರಲ್ಲಿ, ಆಂಗ್ಲ ನೌಕಾದಳದ ನಾಲ್ಕು ಹಡಗುಗಳು ದಾರಿತಪ್ಪಿ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು, ಸಾವಿರಕ್ಕೂ ಮಿಕ್ಕಿ ನಾವಿಕರು ಜಲಸಮಾಧಿಯಾಗಿದ್ದರು. ಅಕ್ಷಾಂಶವನ್ನು ಸೂರ್ಯನ ಎತ್ತರದಿಂದ ಅಳೆಯಬಹುದು, ರೇಖಾಂಶಕ್ಕೆ ಸುಲಭೋಪಾಯವಿರಲಿಲ್ಲ. ಭೂಮಿಯು ನಾಲ್ಕು ನಿಮಿಷಕ್ಕೆ ಒಂದು ಅಂಶದಂತೆ ತಿರುಗುತ್ತದೆ. ಆದ್ದರಿಂದಲೇ ನಮ್ಮ ಮುಂಬಯಿಯ ಸೂರ್ಯಕಾಲವು ಗ್ರೀನಿಚ್ಚಿನ ಕಾಲಕ್ಕಿಂತ ಸುಮಾರು 4 ಗಂಟೆ 51 ನಿಮಿಷ ಮುಂದು. ಹೊರಟ ಬಂದರಿನ ಕಾಲವನ್ನು ತಪ್ಪದೆ ತೋರಿಸುವ ಗಡಿಯಾರ ಹಡಗಿನಲ್ಲಿದ್ದರೆ, ಅದನ್ನು ಅಲ್ಲಿನ ಸೂರ್ಯಕಾಲದೊಡನೆ ಹೋಲಿಸಿ ರೇಖಾಂಶವನ್ನು ಲೆಕ್ಕಹಾಕಬಹುದು. ಅರ್ಧ ಅಂಶಕ್ಕಿಂತ ಹೆಚ್ಚು ತಪ್ಪದ ವಿಧಾನಕ್ಕೆ 20,000 ಪೌಂಡ್ ಬಹುಮಾನವೆಂದು ಪಾರ್ಲಿಮೆಂಟು 1714ರಲ್ಲಿ ಶಾಸನ ಮಾಡಿತು.

ಆದರೆ ಹೊಯ್ದಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯದು; ಬಿಸಿಲಿಗೆ ಲೋಹ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹ್ಯಾರಿಸನನು 1735ರಲ್ಲಿ ಮೊದಲ ಸಮುದ್ರ ಗಡಿಯಾರವನ್ನು ಪೂರೈಸಿದನು. ಬಳಿಕ ಇನ್ನೆರಡನ್ನು ರಚಿಸಿದನು. ಮೂರನೆಯದಕ್ಕೇ ಸುಮಾರು ಹತ್ತೊಂಬತ್ತು ವರ್ಷ ಹಿಡಿಯಿತು. ಹಿತ್ತಾಳೆ-ಉಕ್ಕುಗಳ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದರೆ, ಹಿತ್ತಾಳೆಯು ಹೆಚ್ಚು ಹಿಗ್ಗುವುದರಿಂದ ಜೋಡಿಪಟ್ಟಿ ಬಾಗಿ, ಗಡಿಯಾರದ ನಡೆಯನ್ನು ತಾನಾಗಿ ತಿದ್ದುವುದೆಂದು ಆತನು ಕಂಡುಕೊಂಡನು. 1759ರಲ್ಲಿ ಸಿದ್ಧವಾದ ನಾಲ್ಕನೆಯದು ಜೇಬುಗಡಿಯಾರದ ಆಕಾರದ್ದು. ಅಗಲ 13 ಸೆಂಟಿಮೀಟರು. ಆತನ ಮಗ ವಿಲಿಯಮನು 1761ರಲ್ಲಿ ಅದನ್ನು ಜಮೈಕಾಕ್ಕೆ ಒಯ್ದನು. ಅದರ ದಿನದಿನದ ನಡೆಯನ್ನು ಲೆಕ್ಕಕ್ಕೆ ಹಿಡಿದಾಗ 81 ದಿನಗಳಲ್ಲಿ ತಪ್ಪಿದ್ದು ಸುಮಾರು ಐದು ಸೆಕೆಂಡು ಮಾತ್ರ!

ಆದರೂ ಅಧಿಕಾರಿಗಳಿಗೆ ಸಮಾಧಾನವಾಗಲಿಲ್ಲ. 1764ರಲ್ಲಿ ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ಗಡಿಯಾರ ಗೆದ್ದಿತು. ಅನಂತರ ಗಡಿಯಾರವನ್ನು ಬಿಚ್ಚಿ, ಒಳಗಿನ ರಹಸ್ಯವನ್ನೆಲ್ಲ ವಿವರಿಸದ ಹೊರತು ಹಣವಿಲ್ಲವೆಂಬ ಕಟ್ಟಳೆ ಬಂತು. 1765ರ ಆಗಸ್ಟಿನಲ್ಲಿ, ಲಂಡನಿನ ತನ್ನ ಮನೆಯಲ್ಲಿ, ಎಪ್ಪತ್ತೆರಡರ ಆ ವೃದ್ಧನು ಗಣಿತಜ್ಞರ ಹಾಗೂ ಗಡಿಯಾರದ ಕಸುಬುದಾರರ ಎದುರು, ಜೀವಮಾನದ ದುಡಿಮೆಯನ್ನು ಹಲವು ದಿನ ಒಂದೊಂದೇ ಭಾಗವಾಗಿ ಬಿಚ್ಚಿ ವಿವರಿಸಿದನು. ದೊರೆತುದು ಅರ್ಧ ಬಹುಮಾನ, ಗಡಿಯಾರವೂ ಕೈಬಿಟ್ಟುಹೋಯಿತು. ಅದರ ಮಾದರಿಯಲ್ಲಿ ಲಾರ್ಕಮ್ ಕೆಂಡಾಲನು ರಚಿಸಿದ ಗಡಿಯಾರವನ್ನು ಕ್ಯಾಪ್ಟನ್ ಕುಕ್ಕನು 1772ರಿಂದ 1775ರವರೆಗಿನ ಯಾನದಲ್ಲಿ ಒಯ್ದು ಮೆಚ್ಚಿದನು. ಹ್ಯಾರಿಸನನಾದರೋ ಮತ್ತೊಂದು ಗಡಿಯಾರವನ್ನು ರಚಿಸಿ ರಾಜನಿಗೇ ಮೊರೆಯಿಟ್ಟನು. ಮೂರನೆಯ ಜಾರ್ಜನು ಅದನ್ನು ಸ್ವತಃ ಪರೀಕ್ಷಿಸಿ ಆತನ ಪಕ್ಷ ವಹಿಸಿದನು. 1773ರಲ್ಲಿ ಪಾರ್ಲಿಮೆಂಟು 8,750 ಪೌಂಡುಗಳನ್ನಿತ್ತಿತು. 1776ರ ಮಾರ್ಚ್ 24ರಂದು ಹ್ಯಾರಿಸನನು ತೀರಿಕೊಂಡನು.

ಆತನ ಯಂತ್ರಗಳು ಕಾಲಾಂತರದಲ್ಲಿ ಕಿಲುಬು ಹಿಡಿದು ನಿಂತುಹೋದವು. 1920ರಲ್ಲಿ ರೂಪರ್ಟ್ ಗೋಲ್ಡ್ ಎಂಬ ನೌಕಾಧಿಕಾರಿ ಅವುಗಳನ್ನು ದುರಸ್ತಿ ಮಾಡಲು ಮುಂದಾದನು. ಆತನು ಆ ಕಸುಬಿನವನಲ್ಲ. ಆದರೂ ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಉಜ್ಜಿ, ಚಿತ್ರ ಬರೆದು, ಹದಿನೆಂಟು ಟಿಪ್ಪಣಿಪುಸ್ತಕಗಳನ್ನು ತುಂಬಿ, 1933ರ ಹೊತ್ತಿಗೆ ಎಲ್ಲವನ್ನೂ ಮತ್ತೆ ನಡೆಸಿದನು. ಅವು ಇಂದು ಗ್ರೀನಿಚ್ಚಿನಲ್ಲಿವೆ.

ವಿದ್ಯಾರ್ಥಿಗಳೇ, ನಮ್ಮ ಕೊಲಾಬಾದಲ್ಲಿಯೂ 1826ರಲ್ಲಿ ಸ್ಥಾಪಿತವಾದ ವೀಕ್ಷಣಾಲಯವು ಈ ಬಂದರಿನ ಹಡಗುಗಳಿಗೆ ಕಾಲನಿರ್ಣಯದ ನೆರವನ್ನೀಯುತ್ತಿತ್ತು. ಅಲ್ಲಿಂದ ಹೊರಟ ನಾವಿಕರಲ್ಲಿ ಆ ಬಡಗಿಯ ಹೆಸರನ್ನು ಕೇಳಿದವರೆಷ್ಟು ಮಂದಿಯೋ! ಅದನ್ನರಿಯದೆಯೂ ಅವರು ಸುಖವಾಗಿ ದಡ ಸೇರಿದರು. ಹ್ಯಾರಿಸನನ ದುಡಿಮೆಗೆ ಸಂದ ಉಳಿದರ್ಧ ಬಹುಮಾನ ಅದೇ ಅಲ್ಲವೆ?