ಸಿ.ಎಸ್. ಲೂಯಿಸ್: ನಾರ್ನಿಯಾದ ಸಿಂಹ ಮತ್ತು ಅದರ ಪ್ರೇಕ್ಷಕರು

1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜನಿಸಿದ ಸಿ.ಎಸ್. ಲೂಯಿಸ್ ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು, ಹದಿಹರೆಯದಲ್ಲಿ ನಾಸ್ತಿಕರಾದರು. ಆಕ್ಸ್‌ಫರ್ಡ್‌ನಲ್ಲಿ ಅಧ್ಯಾಪಕರಾಗಿದ್ದಾಗ, 1931ರಲ್ಲಿ, ಟೋಲ್ಕಿನ್ ಮೊದಲಾದ ಗೆಳೆಯರೊಡನೆ ಪುರಾಣವನ್ನು ಕುರಿತು ನಡೆದ ಚರ್ಚೆ ಅವರನ್ನು ಕ್ರೈಸ್ತಶ್ರದ್ಧೆಗೆ ಮರಳಿಸಿತು. ಎಂದರೆ ಶ್ರದ್ಧೆ ಅವರಿಗೆ ಕಥೆಯ ದಾರಿಯಲ್ಲೇ ಬಂದದ್ದು.

ನಾರ್ನಿಯಾ ಮಾಲೆಯ ಮೊದಲ ಕಾದಂಬರಿಯಲ್ಲಿ (1950) ದ್ರೋಹವೆಸಗಿದ ಬಾಲಕನಿಗಾಗಿ ಸತ್ತು ಮರಳಿ ಏಳುವ ಸಿಂಹ ಅಸ್ಲಾನ್ ಕ್ರಿಸ್ತನನ್ನು ನೆನಪಿಸುತ್ತದೆ. ಇದನ್ನು ಅನ್ಯೋಕ್ತಿಯೆನ್ನಲು ಲೂಯಿಸ್ ಒಪ್ಪಲಿಲ್ಲ. ಅಂಥದೊಂದು ಲೋಕವಿದ್ದರೆ ಕ್ರಿಸ್ತನು ಅಲ್ಲಿ ಹೇಗೆ ಅವತರಿಸಿಯಾನು ಎಂಬ ಊಹೆ ಅವರದು. ಬೋಧೆಯೆಂದು ತೋರದೆ ಕಥೆ ಮಗುವಿನ ಮನಸ್ಸನ್ನು ಹೊಗಬೇಕೆಂಬುದು ಅವರ ಬಯಕೆ. ಮನುಷ್ಯರು ವೇಷ ತೊಟ್ಟು ಅಸ್ಲಾನ್ ಆಗುವುದನ್ನು 1959ರ ಪತ್ರವೊಂದರಲ್ಲಿ ಕಟುವಾಗಿ ವಿರೋಧಿಸಿದರು. 1963ರಲ್ಲಿ ನಿಧನರಾದರು.

2005ರ ಚಲನಚಿತ್ರದಲ್ಲಿ ಗಣಕಯಂತ್ರ ಆ ಸಿಂಹವನ್ನು ರೂಪಿಸಿತು. ಅಮೆರಿಕದ ಅನೇಕ ಚರ್ಚುಗಳು ಸಾಮೂಹಿಕ ವೀಕ್ಷಣೆ ಏರ್ಪಡಿಸಿದವು. ಬ್ರಿಟನ್ನಿನಲ್ಲಿ ಅದೇ ಬಲಿದಾನದ ದೃಶ್ಯಕ್ಕೆ ಮುನಿದವರಿದ್ದರು. ಇಬ್ಬರೂ ಕಂಡದ್ದು ಅನ್ಯೋಕ್ತಿಯನ್ನೇ.