ರುಡಾಲ್ಫ್ ವಿರ್ಕೋ

ರುಡಾಲ್ಫ್ ಲುಡ್ವಿಗ್ ಕಾರ್ಲ್ ವಿರ್ಕೋ (ಅಕ್ಟೋಬರ್ 13, 1821 – ಸೆಪ್ಟೆಂಬರ್ 5, 1902) ಜರ್ಮನಿಯ ವೈದ್ಯ, ರೋಗವಿಜ್ಞಾನಿ, ಮಾನವಶಾಸ್ತ್ರಜ್ಞ ಹಾಗೂ ರಾಜಕಾರಣಿ. ಜರ್ಮನ್ ಉಚ್ಚಾರಣೆಯಲ್ಲಿ ಈತನ ಹೆಸರು ಫಿರ್ಷೋ ಎಂಬುದಕ್ಕೆ ಹೆಚ್ಚು ಹತ್ತಿರ. ರೋಗವೆಂಬುದು ದೇಹವನ್ನು ಹೊಕ್ಕು ಕೂರುವ ಪ್ರತ್ಯೇಕ ವಸ್ತುವಲ್ಲ. ಆರೋಗ್ಯದಲ್ಲಿ ನಡೆಯುವ ಜೀವಕ್ರಿಯೆಗಳೇ ಬದಲಾದ ಪರಿಸ್ಥಿತಿಯಲ್ಲಿ ದಾರಿ ತಪ್ಪಿದಾಗ ಅದು ರೋಗವೆನಿಸುತ್ತದೆ. ಹೀಗೆ ದಾರಿ ತಪ್ಪುವುದು ಮೊದಲಿಗೆ ಜೀವಕೋಶದಲ್ಲಿ – ಎಂಬ ಸಿದ್ಧಾಂತವನ್ನು ಪ್ರತಿಪಾದಿಸಿದವರಲ್ಲಿ ಈತ ಪ್ರಮುಖ. ಆಧುನಿಕ ರೋಗವಿಜ್ಞಾನದ ಜನಕನೆಂದು ಈತನನ್ನು ಕರೆಯುವುದು ವಾಡಿಕೆ.

ಆರಂಭಿಕ ಜೀವನ

ವಿರ್ಕೋ ಹುಟ್ಟಿದ್ದು ಪ್ರಷ್ಯ ರಾಜ್ಯದ ಪೊಮೆರೇನಿಯ ಪ್ರಾಂತ್ಯಕ್ಕೆ ಸೇರಿದ ಶೀಫೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ. ಈಗ ಈ ಊರು ಪೋಲೆಂಡಿನಲ್ಲಿದ್ದು ಶ್ವಿದ್ವಿನ್ ಎಂಬ ಹೆಸರು ಪಡೆದಿದೆ. ತಂದೆ ಬೇಸಾಯಗಾರ; ಊರಿನ ಖಜಾಂಚಿಯೂ ಆಗಿದ್ದ. 1839ರಲ್ಲಿ ವಿರ್ಕೋ ಬರ್ಲಿನ್ನಿನ ಫ್ರೀಡ್ರಿಕ್ ವಿಲ್ಹೆಲ್ಮ್ ಸಂಸ್ಥೆಯನ್ನು ಸೇರಿದ. ಸೇನಾ ವೈದ್ಯರನ್ನು ತಯಾರು ಮಾಡುತ್ತಿದ್ದ ಈ ಸಂಸ್ಥೆಯಲ್ಲಿ, ಸ್ಥಿತಿವಂತರಲ್ಲದ ಮನೆಯ ಹುಡುಗರೂ ವೈದ್ಯವಿದ್ಯೆಯನ್ನು ಕಲಿಯುವುದು ಸಾಧ್ಯವಿತ್ತು. ಇಲ್ಲಿ ಅಂಗಕ್ರಿಯಾವಿಜ್ಞಾನಿ ಯೋಹಾನೆಸ್ ಮ್ಯುಲರನ ಪಾಠಗಳು ಈತನ ಮೇಲೆ ಗಾಢ ಪ್ರಭಾವ ಬೀರಿದವು. 1843ರಲ್ಲಿ ವೈದ್ಯಪದವಿ ಪಡೆದು ಷಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಶವಪರೀಕ್ಷೆಯ ಕೋಣೆಯಲ್ಲಿ ರೋಬರ್ಟ್ ಫ್ರೋರೀಪನಿಗೆ ಸಹಾಯಕನಾಗಿದ್ದು 1846ರಲ್ಲಿ ಆತನ ಸ್ಥಾನಕ್ಕೆ ಬಂದ.

ಬಿಳಿ ರಕ್ತ

1845ರಲ್ಲಿ ವಿರ್ಕೋ ಪ್ರಕಟಿಸಿದ ಚಿಕ್ಕ ಪ್ರಬಂಧವೊಂದು ಐವತ್ತರ ವಯಸ್ಸಿನ ಅಡುಗೆಯ ಹೆಂಗಸೊಬ್ಬಳ ಸಾವನ್ನು ಕುರಿತದ್ದು. ಆಕೆಗೆ ವಿಪರೀತ ನಿಶ್ಶಕ್ತಿ, ಮೂಗಿನಿಂದ ರಕ್ತಸ್ರಾವ, ಕಾಲು ಮತ್ತು ಹೊಟ್ಟೆಯ ಊತವಿದ್ದವು. ಶವಪರೀಕ್ಷೆಯಲ್ಲಿ ಗುಲ್ಮ ಅತಿಯಾಗಿ ದೊಡ್ಡದಾಗಿತ್ತು; ರಕ್ತನಾಳಗಳಲ್ಲಿದ್ದ ರಕ್ತ ಕೀವಿನಂತೆ ಬೆಳ್ಳಗೆ ಕಾಣುತ್ತಿತ್ತು. ಅದೇ ವರ್ಷ, ಸ್ವಲ್ಪ ಮೊದಲು, ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಇಂಥದೇ ರೋಗಿಯನ್ನು ವರ್ಣಿಸಿ, ರಕ್ತವೇ ಕೀವಾಗಿದೆ ಎಂದು ಭಾವಿಸಿದ್ದ. ವಿರ್ಕೋ ಹಾಗೆ ತೀರ್ಮಾನಿಸಲಿಲ್ಲ. ದೇಹದಲ್ಲಿ ಎಲ್ಲಿಯೂ ಕೀವಿನ ಮೂಲವಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಆರೋಗ್ಯವಂತರ ರಕ್ತದಲ್ಲೂ ಇರುವ ಬಿಳಿಯ ಕಣಗಳೇ. ಕೆಂಪು ಕಣಗಳಿಗೂ ಬಿಳಿಯ ಕಣಗಳಿಗೂ ಇರಬೇಕಾದ ಪ್ರಮಾಣ ಮಾತ್ರ ತಲೆಕೆಳಗಾಗಿತ್ತು. ಹೊಸ ವಸ್ತು ಯಾವುದೂ ಹೊರಗಿನಿಂದ ಬಂದಿರಲಿಲ್ಲ. ದೇಹದ ಸ್ವಂತ ಕೋಶಗಳ ಹುಟ್ಟುವಳಿಯೇ ಹಿಡಿತ ತಪ್ಪಿತ್ತು. 1847ರಲ್ಲಿ ಈ ರೋಗಕ್ಕೆ ವಿರ್ಕೋ ಲ್ಯುಕೀಮಿಯ ಎಂಬ ಹೆಸರನ್ನಿಟ್ಟ. ಗ್ರೀಕ್ ಮೂಲದ ಈ ಪದಕ್ಕೆ ಬಿಳಿ ರಕ್ತವೆಂದೇ ಅರ್ಥ. ಮೊದಲು ಕಂಡವರು ಯಾರೆಂಬ ವಾದ ಇಬ್ಬರ ನಡುವೆ ಕೆಲಕಾಲ ನಡೆಯಿತಾದರೂ, ರೋಗದ ಸ್ವರೂಪವನ್ನು ಸರಿಯಾಗಿ ಗುರುತಿಸಿದ ಕೀರ್ತಿ ವಿರ್ಕೋಗೇ ಸಲ್ಲಬೇಕು.

ಹೆಪ್ಪುಗಟ್ಟಿದ ರಕ್ತದ ಸಂಚಾರ

ವಿರ್ಕೋನ ಕೆಲಸಗಳಲ್ಲಿ ಇಂದಿಗೂ ದಿನನಿತ್ಯ ಆಸ್ಪತ್ರೆಗಳಲ್ಲಿ ಉಪಯೋಗಕ್ಕೆ ಬರುವುದು ರಕ್ತದ ಗರಣೆಯ ಬಗೆಗಿನ ಸಂಶೋಧನೆ. ಆ ಕಾಲದಲ್ಲಿ ಪ್ಯಾರಿಸ್ಸಿನ ಝಾನ್ ಕ್ರುವೇಲ್ಯೇಯ ಮಾತಿಗೆ ಬಹಳ ಮನ್ನಣೆಯಿತ್ತು. ಅಭಿಧಮನಿಗಳ ಉರಿಯೂತವೇ ಬಹುಪಾಲು ರೋಗಗಳ ಮೂಲವೆಂಬುದು ಆತನ ಮತ. ಶ್ವಾಸಕೋಶದ ಅಪಧಮನಿಯಲ್ಲಿ ಗರಣೆ ಕಂಡರೆ ಅದು ಅಲ್ಲಿಯೇ ಉರಿಯೂತದಿಂದ ಹುಟ್ಟಿತೆಂದು ವೈದ್ಯರು ಭಾವಿಸುತ್ತಿದ್ದರು.

ವಿರ್ಕೋ ಪರೀಕ್ಷಿಸಿದ ಅನೇಕ ಶವಗಳಲ್ಲಿ ಗರಣೆ ಸಿಕ್ಕಿಕೊಂಡಿದ್ದ ನಾಳದ ಗೋಡೆಯಲ್ಲಿ ಉರಿಯೂತದ ಗುರುತೇ ಇರಲಿಲ್ಲ. ಆದರೆ ಅದೇ ಶವಗಳ ಕಾಲಿನ ಅಥವಾ ಕಿಬ್ಬೊಟ್ಟೆಯ ಅಭಿಧಮನಿಗಳಲ್ಲಿ ಗರಣೆಗಳಿದ್ದು, ಅವುಗಳ ತುದಿ ಮುರಿದಿರುತ್ತಿತ್ತು. ಶ್ವಾಸಕೋಶದಲ್ಲಿನ ತುಂಡು ಆ ಮುರಿದ ತುದಿಗೆ ಹೊಂದಿಕೊಳ್ಳುತ್ತಿತ್ತು. ಹಾಗಾದರೆ ತುಂಡು ಕಾಲಿನಲ್ಲಿ ಕಳಚಿ, ರಕ್ತಪ್ರವಾಹದೊಡನೆ ಮೇಲೇರಿ, ಹೃದಯದ ಬಲಭಾಗವನ್ನು ಹಾಯ್ದು, ಶ್ವಾಸಕೋಶದಲ್ಲಿ ನಾಳ ಕಿರಿದಾಗುವ ಕಡೆ ಸಿಕ್ಕಿಕೊಂಡಿರಬೇಕು. ಇದನ್ನು ಪರೀಕ್ಷಿಸಲು ಈತ ನಾಯಿಗಳ ಕತ್ತಿನ ಅಭಿಧಮನಿಯೊಳಗೆ ಗರಣೆಯ ಚೂರುಗಳನ್ನೂ ರಬ್ಬರಿನ ತುಂಡುಗಳನ್ನೂ ಇಳಿಸಿದ. ಅವು ಶ್ವಾಸಕೋಶದ ಅಪಧಮನಿಗಳಲ್ಲಿಯೇ ದೊರೆತವು. ಇದ್ದಲ್ಲಿಯೇ ಬೆಳೆಯುವ ಗರಣೆಯನ್ನು ಥ್ರಾಂಬಸ್ ಎಂದೂ ಕಳಚಿಕೊಂಡು ಹೋಗಿ ಬೇರೆಡೆ ನಾಳವನ್ನು ಮುಚ್ಚುವ ತುಂಡನ್ನು ಎಂಬೋಲಸ್ ಎಂದೂ ಬೇರ್ಪಡಿಸಿ ಹೇಳುವ ಕ್ರಮ ಇಲ್ಲಿಂದ ಆರಂಭವಾಯಿತು.

ಒಂದು ಅಂಗದ ತೊಂದರೆ ದೂರದ ಇನ್ನೊಂದು ಅಂಗವನ್ನು ಹೇಗೆ ನಿಲ್ಲಿಸಬಲ್ಲದು ಎಂಬುದನ್ನು ಈ ಸಂಶೋಧನೆಯಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಕೆಲಸ ಅದುವರೆಗೆ ವಿರಳ. ಕಾಲಿನ ಗರಣೆ ಕಾಲಿಗೆ ಬರಿಯ ಊತವನ್ನು ತರಬಹುದು. ಅದರ ತುಂಡು ಶ್ವಾಸಕೋಶಕ್ಕೆ ಹೋಗುವ ದೊಡ್ಡ ಅಪಧಮನಿಯನ್ನು ಮುಚ್ಚಿದರೆ, ಒಳಗೆಳೆದ ಗಾಳಿ ರಕ್ತವನ್ನು ಸಂಧಿಸದೆ ವ್ಯರ್ಥವಾಗುತ್ತದೆ, ಹೃದಯದ ಬಲಭಾಗ ತಡೆಯನ್ನು ದಾಟಿಸಲಾರದೆ ಸೋಲುತ್ತದೆ. ಚೇತರಿಸಿಕೊಳ್ಳುತ್ತಿದ್ದ ಬಾಣಂತಿಯೋ ಶಸ್ತ್ರಚಿಕಿತ್ಸೆಯಾದ ರೋಗಿಯೋ ಹಾಸಿಗೆಯಿಂದೆದ್ದ ಗಳಿಗೆಯಲ್ಲಿ ಕುಸಿದು ಸಾಯುತ್ತಿದ್ದ ಎಷ್ಟೋ ಪ್ರಕರಣಗಳಿಗೆ ಇದರಿಂದ ಕಾರಣ ದೊರೆಯಿತು. ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು – ಗರಣೆಗೆ ಕಾರಣವಾಗುವ ಈ ಮೂರು ಅಂಶಗಳನ್ನು ವೈದ್ಯವಿದ್ಯಾರ್ಥಿಗಳು ವಿರ್ಕೋ ತ್ರಯವೆಂದು ಕಲಿಯುತ್ತಾರೆ. ಈ ಹೆಸರು ಮಾತ್ರ ವಿರ್ಕೋನದಲ್ಲ, 20ನೆಯ ಶತಮಾನದಲ್ಲಿ ಬಳಕೆಗೆ ಬಂದದ್ದು.

ಮೇಲಣ ಸೈಲೀಷಿಯದ ವರದಿ

1848ರ ಆರಂಭದಲ್ಲಿ ಪ್ರಷ್ಯದ ಸರ್ಕಾರ ಮೇಲಣ ಸೈಲೀಷಿಯದಲ್ಲಿ ಹಬ್ಬಿದ್ದ ಟೈಫಸ್ ಪಿಡುಗನ್ನು ಪರಿಶೀಲಿಸಲು ವಿರ್ಕೋನನ್ನು ಕಳುಹಿಸಿತು. ಪೋಲಿಷ್ ಭಾಷೆಯ ಬಡ ರೈತರು, ಗಣಿ ಕೂಲಿಗಳು ವಾಸವಾಗಿದ್ದ ಪ್ರದೇಶವದು. ಬೆಳೆ ಹಾಳಾಗಿ ಕ್ಷಾಮ ಬಂದಿತ್ತು. ಮೂರು ವಾರಗಳ ಕಾಲ ಸುತ್ತಾಡಿದ ಇಪ್ಪತ್ತಾರರ ತರುಣ ವೈದ್ಯ ಬರೆದ ವರದಿಯಲ್ಲಿ ಔಷಧಗಳಿಗಿಂತ ಹೆಚ್ಚಾಗಿ ಪ್ರಸ್ತಾಪಗೊಂಡದ್ದು ಹಸಿವು, ಇಕ್ಕಟ್ಟಾದ ಮನೆಗಳು, ಜಮೀನುದಾರರ ಶೋಷಣೆ ಮತ್ತು ಅಧಿಕಾರಿಗಳ ಉದಾಸೀನ. ಜನರ ಭಾಷೆಯಲ್ಲೇ ಶಿಕ್ಷಣ, ಸ್ವಯಮಾಡಳಿತ, ರಸ್ತೆಗಳು, ನ್ಯಾಯವಾದ ತೆರಿಗೆ – ಇವನ್ನು ಈತ ಪಿಡುಗಿಗೆ ಪರಿಹಾರವಾಗಿ ಸೂಚಿಸಿದ. ಟೈಫಸ್ ಹೇನಿನ ಮೂಲಕ ಹರಡುತ್ತದೆಂದು ತಿಳಿದದ್ದು 1909ರಲ್ಲಿ. ಅದನ್ನರಿಯದೆಯೂ ಪಿಡುಗು ಯಾರನ್ನು, ಏಕೆ ಬಲಿ ತೆಗೆದುಕೊಳ್ಳುತ್ತಿದೆ ಎಂಬುದನ್ನು ವರದಿ ಸರಿಯಾಗಿಯೇ ಹೇಳಿತ್ತು.

ಬರ್ಲಿನ್ನಿಗೆ ಮರಳಿದ ಕೆಲವೇ ದಿನಗಳಲ್ಲಿ ಮಾರ್ಚ್ ಕ್ರಾಂತಿ ಭುಗಿಲೆದ್ದಿತು. ವಿರ್ಕೋ ಕ್ರಾಂತಿಕಾರರ ಪರವಾಗಿ ಬೀದಿಗಿಳಿದ. ವೈದ್ಯಕೀಯ ಸುಧಾರಣೆಗೆಂದು ವಾರಪತ್ರಿಕೆಯೊಂದನ್ನೂ ನಡೆಸಿದ. ಕ್ರಾಂತಿ ಸೋತ ಮೇಲೆ 1849ರಲ್ಲಿ ಸರ್ಕಾರ ಈತನನ್ನು ಹುದ್ದೆಯಿಂದ ಅಮಾನತು ಮಾಡಿತು.

ಜೀವಕೋಶ ಸಿದ್ಧಾಂತ

ಅದೇ ವರ್ಷ ಬವೇರಿಯದ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯ ಈತನಿಗೆ ರೋಗಾಂಗರಚನಾಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು ನೀಡಿತು. ಮುಂದಿನ ವರ್ಷ ರೋಸ್ ಮೇಯರಳೊಡನೆ ವಿವಾಹವಾಯಿತು. ವೂರ್ಟ್ಸ್‌ಬುರ್ಗಿನ ಏಳು ವರ್ಷಗಳಲ್ಲಿ ಈತನ ಸಿದ್ಧಾಂತ ರೂಪುಗೊಂಡಿತು. ಆವರೆಗೆ ವಿಯೆನ್ನಾದ ಕಾರ್ಲ್ ರೋಕಿಟಾನ್ಸ್ಕಿಯಂಥ ಮಹಾ ಪಂಡಿತನೂ ರಕ್ತದ್ರವದ ಕೆಡುಕೇ ರೋಗಗಳ ಮೂಲವೆಂದು ನಂಬಿದ್ದ; ವಿರ್ಕೋನ ಕಟುವಿಮರ್ಶೆಯ ನಂತರ ತನ್ನ ಗ್ರಂಥದ ಮುಂದಿನ ಆವೃತ್ತಿಯಲ್ಲಿ ಆತ ಆ ವಾದವನ್ನು ಕೈಬಿಟ್ಟ.

ಪ್ರತಿಯೊಂದು ಜೀವಕೋಶವೂ ಮೊದಲೇ ಇದ್ದ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಸೂತ್ರವನ್ನು ವಿರ್ಕೋ 1855ರಲ್ಲಿ ಘೋಷಿಸಿದ. ಫ್ರಾನ್ಸಿನ ರಾಸ್ಪೈ ಈ ಮಾತನ್ನು ಹಿಂದೆಯೇ ಬಳಸಿದ್ದ. ಕೋಶವಿಭಜನೆಯನ್ನು ಪ್ರತ್ಯಕ್ಷವಾಗಿ ಕಂಡು ವಿವರಿಸಿದವನು ರೋಬರ್ಟ್ ರೆಮಾಕ್. ರೆಮಾಕನಿಗೆ ಸಲ್ಲಬೇಕಾದ ಮನ್ನಣೆಯನ್ನು ವಿರ್ಕೋ ಸಲ್ಲಿಸಲಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಈ ತತ್ತ್ವವನ್ನು ರೋಗಕ್ಕೆ ಅನ್ವಯಿಸಿ ತೋರಿಸಿದ ವ್ಯಾಪ್ತಿ ವಿರ್ಕೋನದು. ಗೆಡ್ಡೆಯ ಕೋಶವೂ ದೇಹದ ಕೋಶದ ಸಂತತಿಯೇ ಎಂಬುದು ಇದರಿಂದ ಸಿದ್ಧವಾಯಿತು. 1856ರಲ್ಲಿ ಬರ್ಲಿನ್ ಈತನನ್ನು ಹಿಂದಕ್ಕೆ ಕರೆಸಿಕೊಂಡು ಹೊಸ ರೋಗವಿಜ್ಞಾನ ಸಂಸ್ಥೆಯನ್ನೇ ಕಟ್ಟಿಸಿಕೊಟ್ಟಿತು. ಅಲ್ಲಿ 1858ರಲ್ಲಿ ಕೊಟ್ಟ ಇಪ್ಪತ್ತು ಉಪನ್ಯಾಸಗಳು ಅದೇ ವರ್ಷ ಪುಸ್ತಕವಾಗಿ ಹೊರಬಂದವು.

ದೇಹವನ್ನು ವಿರ್ಕೋ ಒಂದು ಗಣರಾಜ್ಯಕ್ಕೆ ಹೋಲಿಸುತ್ತಿದ್ದ. ಕೋಶಗಳು ಅದರ ಪ್ರಜೆಗಳು. ಕೋಶಕ್ಕೆ ಪೋಷಣೆ, ಕಾರ್ಯ, ಸಂತಾನೋತ್ಪತ್ತಿ ಎಂಬ ಮೂರು ಬಗೆಯ ಚಟುವಟಿಕೆಗಳಿವೆ. ಪ್ರಚೋದನೆ ಮಿತಿ ಮೀರಿದಾಗ ಇವುಗಳಲ್ಲಿ ಒಂದೋ ಎಲ್ಲವೋ ಕೆಡುತ್ತವೆ. ಅಂಗವೊಂದು ದೊಡ್ಡದಾಗಿದ್ದರೆ ಅದರ ಕೋಶಗಳು ಹಿಗ್ಗಿವೆಯೋ, ಸಂಖ್ಯೆಯಲ್ಲಿ ಹೆಚ್ಚಿವೆಯೋ ಎಂದು ಕೇಳುವುದನ್ನು ವೈದ್ಯರಿಗೆ ಕಲಿಸಿದ್ದು ಈ ದೃಷ್ಟಿಯೇ.

ಸಿದ್ಧಾಂತದ ಮಿತಿಗಳು

ಕೋಶದ ಮೇಲೆ ನೆಟ್ಟ ದೃಷ್ಟಿಗೆ ಹೊರಗಿನ ಶತ್ರು ಸುಲಭವಾಗಿ ಕಾಣಲಿಲ್ಲ. ಶವ ಮುಟ್ಟಿದ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆದರೆ ಬಾಣಂತಿ ನಂಜು ಇಳಿಯುತ್ತದೆಂದು ಇಗ್ನಾಟ್ಸ್ ಸೆಮ್ಮೆಲ್‌ವೈಸ್ 1847ರಲ್ಲೇ ವಿಯೆನ್ನಾದಲ್ಲಿ ತೋರಿಸಿದ್ದ. ವಿರ್ಕೋ ಬಹುಕಾಲ ಇದನ್ನು ಒಪ್ಪಲಿಲ್ಲ. ಈತನ ಮಾತಿಗಿದ್ದ ತೂಕವನ್ನು ನೆನೆದರೆ, ಈ ನಿರಾಕರಣೆ ಕೇವಲ ಪಂಡಿತರ ಜಗಳವಾಗಿರಲಿಲ್ಲ. ತಾಯಂದಿರ ಸಾವು ಆ ವರ್ಷಗಳಲ್ಲೂ ಮುಂದುವರಿದಿತ್ತು. ಕ್ಷಯದ ವಿವಿಧ ರೂಪಗಳನ್ನು ಬೇರೆ ಬೇರೆ ರೋಗಗಳೆಂದು ವಿರ್ಕೋ ವಿಂಗಡಿಸಿದ್ದ. 1882ರ ಮಾರ್ಚ್ 24ರಂದು ರೋಬರ್ಟ್ ಕಾಖ್ ಕ್ಷಯದ ಸೂಕ್ಷ್ಮಾಣುವನ್ನು ಪ್ರಕಟಪಡಿಸಿದಾಗ ಆ ವಿಂಗಡಣೆ ಬಿದ್ದುಹೋಯಿತು. ಸೂಕ್ಷ್ಮಾಣುಗಳ ಇರವನ್ನು ವಿರ್ಕೋ ಅಲ್ಲಗಳೆಯಲಿಲ್ಲ. ಅವು ರೋಗಕ್ಕೆ ಕಾರಣವಾಗಬಹುದು, ಆದರೆ ಅವೇ ರೋಗವಲ್ಲ, ರೋಗ ದೇಹದ ಕೋಶಗಳಲ್ಲಿ ನಡೆಯುವ ಕ್ರಿಯೆ ಎಂಬುದು ಆತನ ನಿಲುವು. ತತ್ತ್ವವಾಗಿ ಇದು ಸರಿ. ಅದನ್ನು ಹೊಸ ಸಾಕ್ಷ್ಯಗಳಿಗೆ ಅಡ್ಡಗೋಡೆಯಾಗಿಸಿದ್ದು ಸರಿಯಲ್ಲ.

ಕೀವಿನ ಕಣಗಳು ಅಲ್ಲಲ್ಲಿನ ಅಂಗಾಂಶದಲ್ಲೇ ಹುಟ್ಟುತ್ತವೆಂಬ ಈತನ ಮತವನ್ನು ಶಿಷ್ಯನಾದ ಯೂಲಿಯುಸ್ ಕೋನ್‌ಹೈಮನೇ 1867ರಲ್ಲಿ ಅಲುಗಾಡಿಸಿದ. ಅವು ರಕ್ತನಾಳದ ಗೋಡೆಯ ಮೂಲಕ ಹೊರಬಂದ ಬಿಳಿ ರಕ್ತಕಣಗಳೆಂದು ತೋರಿಸಿದ. 1887ರಲ್ಲಿ ಪ್ರಷ್ಯದ ಯುವರಾಜ ಫ್ರೀಡ್ರಿಕನ ಗಂಟಲಿನಿಂದ ತೆಗೆದ ಚೂರುಗಳಲ್ಲಿ ವಿರ್ಕೋಗೆ ಕ್ಯಾನ್ಸರ್ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಕೈಬಿಡಲಾಯಿತು. ಮರುವರ್ಷ ಸಿಂಹಾಸನವೇರಿದ ಫ್ರೀಡ್ರಿಕ್ 99 ದಿನಗಳಲ್ಲಿ ಅದೇ ಕ್ಯಾನ್ಸರಿನಿಂದ ತೀರಿಕೊಂಡ.

ಸಾರ್ವಜನಿಕ ಜೀವನ

1859ರಿಂದ ಕೊನೆಯವರೆಗೂ ವಿರ್ಕೋ ಬರ್ಲಿನ್ ನಗರಸಭೆಯ ಸದಸ್ಯನಾಗಿದ್ದ. ಕೊಳಚೆ ತೆರೆದ ಚರಂಡಿಗಳಲ್ಲಿ ಹರಿಯುತ್ತಿದ್ದ ನಗರಕ್ಕೆ ನೆಲದಡಿಯ ಒಳಚರಂಡಿ ಬೇಕೆಂದು ವರ್ಷಗಟ್ಟಲೆ ಅಂಕಿಅಂಶಗಳೊಡನೆ ವಾದಿಸಿದ. ಯಾಮೆಸ್ ಹೋಬ್ರೆಖ್ಟ್ ರೂಪಿಸಿದ ಯೋಜನೆಯ ಕಾಮಗಾರಿ 1873ರಲ್ಲಿ ಆರಂಭವಾಯಿತು. ಹಂದಿಮಾಂಸದಲ್ಲಿನ ಟ್ರಿಕಿನ ಹುಳುವಿನ ಜೀವನಚಕ್ರದ ಅಧ್ಯಯನ ಈತನನ್ನು ಕಡ್ಡಾಯ ಮಾಂಸ ತಪಾಸಣೆಯ ಪ್ರತಿಪಾದಕನನ್ನಾಗಿಸಿತು.

ಪ್ರಷ್ಯದ ಶಾಸನಸಭೆಯಲ್ಲಿ ಬಿಸ್ಮಾರ್ಕನನ್ನು ಈತ ಎಡೆಬಿಡದೆ ವಿರೋಧಿಸಿದ. 1865ರಲ್ಲಿ ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದನಾದರೂ ಅದು ನಡೆಯಲಿಲ್ಲ. ವಿರ್ಕೋ ಆಯುಧವಾಗಿ ಹುಳುಬಿದ್ದ ಸಾಸೇಜನ್ನು ಆರಿಸಿಕೊಂಡನೆಂಬ ಕಥೆ ರಂಜಕವಾಗಿದೆ, ಸಮಕಾಲೀನ ಆಧಾರವಿಲ್ಲ. ಮಾನವಶಾಸ್ತ್ರದಲ್ಲಿ, ಜರ್ಮನಿಯ ಸುಮಾರು 67 ಲಕ್ಷ ಶಾಲಾಮಕ್ಕಳ ಕೂದಲು, ಕಣ್ಣು, ಚರ್ಮಗಳ ಬಣ್ಣವನ್ನು ದಾಖಲಿಸಿದ ಸಮೀಕ್ಷೆ ಶುದ್ಧ ಜರ್ಮನ್ ಜನಾಂಗವೆಂಬ ಕಲ್ಪನೆಗೆ ಪೆಟ್ಟು ಕೊಟ್ಟಿತು. ಆದರೆ ನಿಯಾಂಡರ್ತಾಲ್ ಅಸ್ಥಿಗಳನ್ನು ರೋಗಪೀಡಿತ ಆಧುನಿಕ ಮನುಷ್ಯನವೆಂದು 1872ರಲ್ಲಿ ತೀರ್ಮಾನಿಸಿದ್ದು ಈತನೇ.

ಕೊನೆಯ ದಿನಗಳು

1899ರಲ್ಲಿ ಷಾರಿಟೆಯ ಆವರಣದಲ್ಲಿ ವಿರ್ಕೋನ ರೋಗವಿಜ್ಞಾನ ಸಂಗ್ರಹಾಲಯ ತೆರೆಯಿತು. 1902ರ ಜನವರಿಯಲ್ಲಿ ಚಲಿಸುತ್ತಿದ್ದ ಟ್ರಾಮ್ ಬಂಡಿಯಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿಯಿತು. ಎಂಬತ್ತರ ವೃದ್ಧ ಮತ್ತೆ ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ಹೃದಯ ವೈಫಲ್ಯದಿಂದ ಬರ್ಲಿನ್ನಿನಲ್ಲಿ ಮರಣ ಹೊಂದಿದ. ಸಂಗ್ರಹಾಲಯದ ಮಾದರಿಗಳಲ್ಲಿ ಬಹುಭಾಗ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ನಾಶವಾಯಿತು. ಉಳಿದವು ಅದೇ ಕಟ್ಟಡದಲ್ಲಿರುವ ವೈದ್ಯಕೀಯ ಇತಿಹಾಸ ಸಂಗ್ರಹಾಲಯದಲ್ಲಿವೆ. 1847ರಲ್ಲಿ ಬೆನ್ನೊ ರೈನ್‌ಹಾರ್ಟನ ಜೊತೆಗೂಡಿ ಆರಂಭಿಸಿದ ಸಂಶೋಧನ ಪತ್ರಿಕೆ ಈಗಲೂ ವಿರ್ಕೋನ ಹೆಸರಿನಲ್ಲೇ ಪ್ರಕಟವಾಗುತ್ತಿದೆ.