ನ್ಯಾಯವಾದಿನಿ ಕೊರ್ನೀಲಿಯಾ ಸೊರಾಬ್ಜಿಯವರು

ನಮ್ಮ ಶಾಲೆಯನ್ನು ಬಿಟ್ಟು ಹೋಗುವ ಬಾಲಿಕೆಯರಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ತಾವು ವಕೀಲರಾಗಬೇಕೆಂಬ ಇಚ್ಛೆಯನ್ನು ತಿಳಿಸುವುದುಂಟು. ಆಗ ಜಯನಗರ, ಬನಶಂಕರಿಗಳ ಕಡೆಯಿಂದ ಬರುವ ತಂದೆತಾಯಿಗಳು, ಹೆಣ್ಣುಮಗಳಿಗೆ ಕೋರ್ಟುಕಚೇರಿಗಳ ಅಲೆದಾಟವೇತಕ್ಕೆಂದು ನಮ್ಮೊಡನೆ ವಾದಿಸುವರು. ಅಂಥವರಿಗೆ ನಾವು ಹೇಳುತ್ತ ಬಂದಿರುವ ಚರಿತ್ರೆಯನ್ನೇ ಇಲ್ಲಿ ಬರೆದಿದ್ದೇವೆ.

ಕೊರ್ನೀಲಿಯಾ ಸೊರಾಬ್ಜಿಯವರು 1866ನೆಯ ಇಸವಿ ನವೆಂಬರ್ 15ರಂದು ನಾಸಿಕದಲ್ಲಿ ಜನಿಸಿದರು. ತಂದೆಯವರು ಪಾರಸಿ ಕುಲದಲ್ಲಿ ಹುಟ್ಟಿ ಕ್ರೈಸ್ತರಾಗಿ ಬೋಧಕವೃತ್ತಿಯನ್ನು ಹಿಡಿದವರು. ತಾಯಿ ಫ್ರಾನ್ಸಿನಾ ಅವರು ಪುಣೆಯಲ್ಲಿ ಪಾಠಶಾಲೆಗಳನ್ನು ಸ್ಥಾಪಿಸಿ ನಡೆಸಿದವರು. ಈಕೆಯ ಬಾಲ್ಯದ ಮೊದಲ ಭಾಗವು ನಮ್ಮ ಬೆಳಗಾವಿಯಲ್ಲಿಯೇ ಕಳೆಯಿತೆಂಬುದನ್ನು ಕನ್ನಡಿಗರಲ್ಲಿ ಅನೇಕರು ಅರಿಯರು.

ಬಾಲಿಕೆಯಾಗಿದ್ದಾಗ ತಮ್ಮ ಮನೆಯಲ್ಲಿ ಕಂಡ ಒಂದು ಸಂಗತಿಯನ್ನು ಅವರು ಕಡೆಯವರೆಗೂ ಮರೆಯಲಿಲ್ಲ. ಧನಿಕಳಾದ ಗುಜರಾತಿ ವಿಧವೆಯೊಬ್ಬಳು ಕಣ್ಣೀರಿಡುತ್ತ ಫ್ರಾನ್ಸಿನಾ ಅವರ ಬಳಿಗೆ ಬಂದಳು. ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಕಾರಭಾರಿಯನ್ನು ನಂಬಿ ಆಕೆಯು ಬರಿಯ ಕಾಗದಕ್ಕೆ ರುಜು ಹಾಕಿದ್ದಳು. ಅದರಿಂದ ಆಸ್ತಿಯೆಲ್ಲವೂ ಅವನ ಪಾಲಾಗಿದ್ದಿತು. ಪರಪುರುಷರ ಎದುರಿಗೆ ಬಾರದವಳು ಗಂಡಸು ವಕೀಲನಿಗೆ ತನ್ನ ಕಷ್ಟವನ್ನು ಹೇಳುವುದೆಂತು? ಇಂಥವರಿಗೆ ಸಹಾಯ ಮಾಡಬೇಕಾದರೆ ಕಾನೂನನ್ನು ಕಲಿಯೆಂದು ತಾಯಿಯೇ ಮಗಳಿಗೆ ಬುದ್ಧಿ ಹೇಳಿದಳು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಪ್ರಥಮ ಮಹಿಳಾ ಪದವೀಧರೆಯಾದರು. ಅವರ ಅಂಕಗಳಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಸರಕಾರಿ ವಿದ್ಯಾರ್ಥಿವೇತನವು, ಹೆಂಗಸೆಂಬ ಒಂದೇ ಕಾರಣದಿಂದ ತಪ್ಪಿಹೋಯಿತು. ಆಗ ಇಂಗ್ಲೆಂಡಿನಲ್ಲಿ ಮೇರಿ ಹಾಬ್‌ಹೌಸ್ ಎಂಬ ಮಹಿಳೆಯು ಚಂದಾ ಎತ್ತಲಾಗಿ, ಫ್ಲಾರೆನ್ಸ್ ನೈಟಿಂಗೇಲರೂ ಅದಕ್ಕೆ ಕೊಟ್ಟರು. ಹೀಗೆ ಹತ್ತು ಜನರು ಕೂಡಿಸಿದ ಹಣದಿಂದ ಅವರು 1889ರಲ್ಲಿ ಆಕ್ಸ್‌ಫರ್ಡಿನ ಸಮರ್‌ವಿಲ್ ಕಾಲೇಜನ್ನು ಸೇರಿದರು. 1892ರಲ್ಲಿ ಅಲ್ಲಿಯ ಬಿ.ಸಿ.ಎಲ್. ಪರೀಕ್ಷೆಗೆ ಕುಳಿತ ಮೊದಲ ಸ್ತ್ರೀ ಅವರೇ. ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಪದವಿಯು ಕೈಗೆ ಬಂದುದು ಮೂವತ್ತು ವರ್ಷಗಳ ಮೇಲೆ, 1922ರಲ್ಲಿ!

ಸ್ವದೇಶಕ್ಕೆ ಹಿಂದಿರುಗಿ 1897ರಲ್ಲಿ ಮುಂಬಯಿಯ ಎಲ್‌ಎಲ್.ಬಿ. ಪರೀಕ್ಷೆಯನ್ನೂ 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ಪ್ಲೀಡರ್ ಪರೀಕ್ಷೆಯನ್ನೂ ಮುಗಿಸಿದರು. ಆದರೂ ವಕೀಲರ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಲಿಲ್ಲ. ಎದೆಗುಂದದೆ, ಅಂತಃಪುರದ ಸ್ತ್ರೀಯರಿಗೆ ಕಾನೂನು ತಿಳಿದ ಹೆಂಗಸೊಬ್ಬಳು ಸರಕಾರದ ವತಿಯಿಂದಲೇ ಬೇಕೆಂದು ಅಧಿಕಾರಿಗಳನ್ನು ಒತ್ತಾಯಿಸುತ್ತ ಹೋದರು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಅಂಥ ಹುದ್ದೆಯು ಅವರಿಗೆ ದೊರೆಯಿತು.

ಈ ಇಲಾಖೆಯು ಅಪ್ರಾಪ್ತವಯಸ್ಕರ ಮತ್ತು ಅಸಹಾಯಕ ಸ್ತ್ರೀಯರ ಜಮೀನ್ದಾರಿಗಳನ್ನು ನಡೆಸುತ್ತಿದ್ದಿತು. ಅಧಿಕಾರಿಗಳು ಗಂಡಸರಾದುದರಿಂದ ಪರದೆಯ ಆಚೆಯ ಸಮಾಚಾರವು ಕಾರಭಾರಿಗಳ ಬಾಯಿಂದಲೇ ಅವರನ್ನು ಮುಟ್ಟಬೇಕು. ಕದಿಯುವವನೇ ಲೆಕ್ಕ ಒಪ್ಪಿಸುವಂತಾಗಿದ್ದಿತು. ಕೊರ್ನೀಲಿಯಾ ಅವರು ಪಲ್ಲಕ್ಕಿಯಲ್ಲಿ, ದೋಣಿಯಲ್ಲಿ ದೂರದೂರ ಪ್ರಯಾಣ ಮಾಡಿ ಒಳಮನೆಯನ್ನು ಹೊಕ್ಕು, ವಿಧವೆಯರ ಮಾತನ್ನು ನೇರಾಗಿ ಕೇಳಿದರು. ತಡೆದಿಟ್ಟ ಜೀವನಾಂಶವನ್ನು ಕೊಡಿಸಿದರು. ಮಕ್ಕಳ ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿದರು. ದಾಯಾದಿಗಳ ಕಲಹಗಳನ್ನು ತೀರಿಸಿದರು. ಸುಮಾರು ಇಪ್ಪತ್ತು ವರ್ಷಗಳ ಈ ದುಡಿಮೆಯಲ್ಲಿ 600ಕ್ಕೂ ಹೆಚ್ಚು ಮಂದಿ ಸ್ತ್ರೀಯರೂ ಮಕ್ಕಳೂ ಅವರ ಸಹಾಯವನ್ನು ಪಡೆದರೆಂದು ಹೇಳುವರು.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆವು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಗಂಡನ ಹೊಡೆತದಿಂದ ಬಾತ ಮುಖವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನಮ್ಮ ಕೊಠಡಿಗೆ ಬಂದಳು. ಏನು ಕೇಳಿದರೂ ಆಕೆಗೆ ಬಾಯಿ ಬರಲಿಲ್ಲ. ಆಕೆಯ ತರಗತಿಯವಳೇ ಆಗಿದ್ದ, ಈಗ ವಕೀಲಳಾಗಿರುವ ಮತ್ತೊಬ್ಬಳನ್ನು ಕರೆಸಿದೆವು. ಇಬ್ಬರೂ ಬಾಗಿಲು ಹಾಕಿಕೊಂಡು ಎರಡು ಗಂಟೆಗಳ ಕಾಲ ಮಾತನಾಡಿದರು. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಮೇರೆಗೆ ಅರ್ಜಿಯು ಸಿದ್ಧವಾಯಿತು. ನಮಗೆ ಹೇಳದುದನ್ನೆಲ್ಲ ಆಕೆಯು ಗೆಳತಿಗೆ ಹೇಳಿದ್ದಳು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಯಾವ ಸ್ತ್ರೀಗಾದರೂ, ಆಕೆಯ ವರಮಾನವೆಷ್ಟೇ ಇರಲಿ, ವಕೀಲರ ನೆರವು ಉಚಿತವಾಗಿ ದೊರೆಯುವುದೆಂಬುದನ್ನು ತಾಯಂದಿರು ತಿಳಿದಿರಬೇಕು. ಅದರ ರಾಜ್ಯ ಕಚೇರಿಯು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಜಯನಗರಕ್ಕೆ ಬಹಳ ದೂರವೇನಲ್ಲ.

ಇನ್ನು ಕಥೆಗೆ ಬರೋಣ. 1916ರಲ್ಲಿ ರೆಜೀನಾ ಗುಹಾ ಎಂಬ ಪದವೀಧರೆಗೆ ಕಲಕತ್ತೆಯ ಹೈಕೋರ್ಟು ವಕೀಲಿಯನ್ನು ನಿರಾಕರಿಸಿತು. 1921ರಲ್ಲಿ ಅಲಹಾಬಾದಿನವರು ಕೊರ್ನೀಲಿಯಾ ಅವರನ್ನು ಪಟ್ಟಿಗೆ ಸೇರಿಸಿಕೊಂಡರು. 1923ರ ಕಾಯಿದೆಯು ಸಮಸ್ತ ಸ್ತ್ರೀಯರಿಗೂ ಆ ಬಾಗಿಲನ್ನು ತೆರೆಯಿತು. ಆ ಹೊತ್ತಿಗೆ ಅವರಿಗೆ ಐವತ್ತಾರು ವರ್ಷಗಳು ತುಂಬಿದ್ದವು. ಮಾರನೆಯ ವರ್ಷ ಕಲಕತ್ತೆಯಲ್ಲಿ ವಕೀಲಿ ಆರಂಭಿಸಿದರೂ, ಅಲ್ಲಿ ಅವರಿಗೆ ಹೆಚ್ಚಿನ ಅವಕಾಶ ಸಿಗಲಿಲ್ಲ.

ಅವರ ಅಭಿಪ್ರಾಯಗಳೆಲ್ಲವನ್ನೂ ನಾವು ಒಪ್ಪೆವು. ಆಂಗ್ಲರ ಆಳ್ವಿಕೆಯನ್ನು ಅವರು ಬಹಳವಾಗಿ ನೆಚ್ಚಿದ್ದರು. ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ಭಾರತವನ್ನು ಹಳಿದ ಕ್ಯಾಥರೀನ್ ಮೇಯೋ ಅವರ 1927ರ ಪುಸ್ತಕವನ್ನು ಸಮರ್ಥಿಸಿ, ದೇಶದ ಜನರ ಪ್ರೀತಿಯನ್ನು ಕಳೆದುಕೊಂಡರು. ಅವರ ಹೆಸರು ನಮ್ಮಲ್ಲಿ ಬಹುಕಾಲ ಮರೆತುಹೋದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

1929ರಲ್ಲಿ ವೃತ್ತಿಯಿಂದ ನಿವೃತ್ತರಾಗಿ ಲಂಡನ್ನಿನಲ್ಲಿ ನೆಲಸಿದರು. 1934ರಲ್ಲಿ ಅವರ ಆತ್ಮಕಥೆಯು ಪ್ರಕಟವಾಯಿತು. 1954ನೆಯ ಇಸವಿ ಜುಲೈ 6ರಂದು, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. 2012ರಲ್ಲಿ ಆ ನಗರದ ಲಿಂಕನ್ಸ್ ಇನ್ನಿನಲ್ಲಿ ಅವರ ಎದೆಮಟ್ಟದ ಪ್ರತಿಮೆಯನ್ನು ಅನಾವರಣ ಮಾಡಲಾಯಿತು.